ಒಬ್ಬರ ಖರ್ಚು

ಟ್ರಾಮಿನಿಂದ ಇಳಿದು ಹಾಲಿನ ಅಂಗಡಿಯ ಕಡೆ ತಿರುಗಬೇಕು, ಅಷ್ಟರಲ್ಲಿ ಕೆಳಗಿನಿಂದ ಭಾನು ಕೂಗಿದಳು.

'ರೀ, ಬಿಸಿಲೇರ್ತದೆ. ಹೊರಡಲ್ವಾ?'

ಶಾಂತರಾಜು ಕಣ್ಣು ತೆರೆದ. ಲೈಪ್‌ಜಿಗ್ ಕರಗಿಹೋಯಿತು. ಚಾಮರಾಜನಗರದ ಬಾಡಿಗೆ ಮನೆಯ ತಾರಸಿ, ಆಷಾಢದ ಗಾಳಿ, ತಂತಿಯ ಮೇಲೆ ತೋಳು ಬೀಸುತ್ತಿದ್ದ ಅವನವೇ ಎರಡು ಷರಟು. ತೊಡೆಯ ಮೇಲಿದ್ದ ಮೊಬೈಲಿನ ಬೆಳಕು ಆರಿತ್ತು. ಭಾನುವಾರದ ಬೆಳಗು ಅರ್ಧ ಕಳೆದಿತ್ತು.

ಕೆಲವು ತಿಂಗಳಿಂದ ಅವನು ಹೀಗೆ ಎರಡು ಊರುಗಳಲ್ಲಿ ಓಡಾಡಿಕೊಂಡಿದ್ದ. ಹೋಗಬೇಕಾದವಳು ಅವನ ಹೆಂಡತಿ. ಪಟ್ಟಣದ ಖಾಸಗಿ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಭಾನುವಿಗೆ ಮುಂದಿನ ಓದಿಗೆ ಎರಡು ಕಡೆ ಸೀಟು ಸಿಕ್ಕಿತ್ತು. ಒಂದು ಜರ್ಮನಿಯ ಲೈಪ್‌ಜಿಗ್, ಇನ್ನೊಂದು ಐರ್ಲೆಂಡಿನ ಗಾಲ್ವೇ. ಎರಡು ಕಡೆಯೂ ಫೀಸಿಗೆ ವಿದ್ಯಾರ್ಥಿವೇತನವಿತ್ತು. ಉಳಿದದ್ದು ಅಲ್ಲಿ ಬದುಕುವ ಖರ್ಚು.

'ನೀವೇ ನೋಡಿ ಹೇಳಿ, ಯಾವ ಊರು ವಾಸಿ ಅಂತ. ಎಕನಾಮಿಕ್ಸ್ ನಿಮ್ದಲ್ವಾ,' ಎಂದಿದ್ದಳು.

ಹದಿಮೂರು ವರ್ಷ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿದವನಿಗೆ ಮೊದಲ ಸಲ ಅದರಿಂದ ಏನೋ ಉಪಯೋಗ ಕಂಡಿತ್ತು. ಎರಡು ಊರುಗಳ ಬೆಲೆಯನ್ನು ಅಕ್ಕಪಕ್ಕ ತೋರಿಸುವ ಜಾಲತಾಣವೊಂದನ್ನು ಹುಡುಕಿಕೊಂಡ. ಅದು ಮೊದಲು ಕೇಳುತ್ತಿದ್ದ ಪ್ರಶ್ನೆ: ಒಬ್ಬರಿಗೋ, ಇಬ್ಬರಿಗೋ? ಅವನು ಒಬ್ಬರಿಗೆ ಎಂದು ಒತ್ತಿದ. ಪಕ್ಕದಲ್ಲಿ ಕೂತು ಬಟ್ಟೆ ಮಡಚುತ್ತಿದ್ದ ಭಾನು ನೋಡಿದಳು. ಇನ್ನೊಂದು ಬಟ್ಟೆ ಕೈಗೆತ್ತಿಕೊಂಡಳು.

ಆಮೇಲೆ ಪ್ರತಿ ಸಂಜೆ ಅದೇ ಕೆಲಸ. ಕೋಣೆಯ ಬಾಡಿಗೆ, ಚಳಿಗಾಲದಲ್ಲಿ ಕೋಣೆ ಬೆಚ್ಚಗಿಡಲು ತಗಲುವ ಖರ್ಚು, ಬ್ರೆಡ್ಡು, ಟೊಮೆಟೊ, ಟೀಪುಡಿ, ಬಸ್ಸಿನ ಪಾಸು, ತಿಂಗಳಿಗೊಂದು ಸಲ ಹೇರ್‌ಕಟ್. ಬರಿಯ ಬೆಲೆ ಸಾಲದೆನಿಸಿ ಮೊಬೈಲಿನ ನಕ್ಷೆಯಲ್ಲಿ ಬೀದಿಬೀದಿ ನಡೆದ. ತನ್ನ ಕಾಲೇಜಿನ ಹಿಂದಿನ ಓಣಿ ಎಲ್ಲಿ ಮುಗಿಯುತ್ತದೆಂದು ಅವನಿಗೆ ತಿಳಿಯದು. ಲೈಪ್‌ಜಿಗ್‌ನ ಒಂದು ಬೀದಿಯಲ್ಲಿ ಯಾವ ಮನೆಯ ಕಿಟಕಿಗೆ ಕೆಂಪು ಪರದೆ ಎಂದು ತಿಳಿದಿತ್ತು.

'ಗಾಲ್ವೇಲಿ ಬಾಡಿಗೆ ಮಾತ್ರ ಕೇಳ್ಬೇಡ,' ಎನ್ನುತ್ತಿದ್ದ.

'ಹೌದಾ?'

'ಒಂದು ಕೋಣೆ ಕೇಳ್ಕೊಂಡು ಅಷ್ಟೊಂದು ಜನ ಬರ್ತಾರಂತೆ. ಮಳೆ ಬೇರೆ.'

'ಆಮೇಲೆ?'

ಆ 'ಆಮೇಲೆ'ಗಾಗಿ ಅವನು ಮರುದಿನದ ಪಾಠ ಓದಿಕೊಳ್ಳುವುದನ್ನೂ ಬಿಟ್ಟಿದ್ದ.

ಇವತ್ತು ಅತ್ತೆಗೆ ಯಾವ ಊರೆಂದು ತಿಳಿಸಬೇಕಿತ್ತು. ಬೈಕು ತೆರಕಣಾಂಬಿ ದಾಟಿತು. ಮೋಡದ ನೆರಳು ಅರಿಸಿನದ ಹೊಲದಿಂದ ಹೊಲಕ್ಕೆ ಸರಿಯುತ್ತಿತ್ತು. ರಸ್ತೆ ತನ್ನಷ್ಟಕ್ಕೆ ಹಿಂದಕ್ಕೆ ಹರಿದು, ತಾನು ಇದ್ದಲ್ಲೇ ಇದ್ದೇನೆ ಅನ್ನಿಸಿತು ಶಾಂತರಾಜುವಿಗೆ. ಬೆನ್ನ ಹಿಂದೆ ಭಾರವಿತ್ತು. ಅದು ಭಾನು ಎಂದು ಆಗಾಗ ನೆನಪು ಮಾಡಿಕೊಳ್ಳಬೇಕಾಯಿತು.

ಗುಂಡ್ಲುಪೇಟೆಯಲ್ಲಿ ಅತ್ತೆ ಯಶೋದಮ್ಮ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟಿದ್ದರು. ಹಲ್ಲಿನಲ್ಲಿ ಕಚ್ಚಿದ್ದ ದಾರ ಕಿತ್ತು ಎದ್ದುಬಂದರು.

'ಬನ್ನಿ ಬನ್ನಿ, ಕೂತ್ಕಳಿ. ಏನಮ್ಮಿ, ಇಂಗ್ ಸೊರಗೋಗಿದ್ದೀಯಲ್ಲ?'

ಒಳಗೆ ಹೋಗಿ ಅಳಿಯನಿಗೆ ಟೀ, ಮಗಳಿಗೆ ಹಾಲು ತಂದರು.

'ನಿಂಗೆ ಟೀ ಬೇಡ್ವಾ?' ಎಂದ ಶಾಂತರಾಜು.

ಭಾನು ಲೋಟದೊಳಗೆ ನೋಡುತ್ತ, 'ಬಿಟ್ಟಿದ್ದೀನಲ್ಲ,' ಎಂದಳು.

'ಆಸ್ಪತ್ರೆಗೆ ಸೇರ್ಕಂಡಿದ್ಲಲ್ಲ, ಒಟ್ಟೆ ನೋವು ಅಂತ. ಆವತ್ತಿಂದ ಟೀ ಮುಟ್ನಿಲ್ಲ,' ಯಶೋದಮ್ಮ ನಕ್ಕರು. 'ಎರಡ್ ವರ್ಸ ಆಯ್ತು. ನಿಮ್ಗೆ ಗ್ಯಾನ ಇಲ್ವಾ?'

ಆಸ್ಪತ್ರೆಯ ನೆನಪಿತ್ತು. ಕಾರಿಡಾರಿನ ಬೆಂಚು, ಅಲ್ಲಿ ಕೂತು ತಾನು ತಿದ್ದಿದ ಉತ್ತರಪತ್ರಿಕೆ. ಟೀ ನೆನಪಿರಲಿಲ್ಲ. ದಿನವೂ ಎದುರಿಗೆ ಕೂತು ಅವಳು ಕುಡಿಯುತ್ತಿದ್ದುದೇನು? ಲೋಟ ಕಾಣುತ್ತಿತ್ತು, ಲೋಟ ಹಿಡಿದ ಬೆರಳು ಕಾಣುತ್ತಿತ್ತು. ಒಳಗೇನಿತ್ತೋ ಕಾಣಲಿಲ್ಲ.

ಲೈಪ್‌ಜಿಗ್‌ನ ಟೀಪುಡಿ ಮನಸ್ಸಿಗೆ ಬಂತು. ಹಿಂದೆಯೇ ತಿಂಗಳಿಗೊಂದು ಸಲದ ಹೇರ್‌ಕಟ್. ಭಾನುವಿನ ಜಡೆ ಸೊಂಟಕ್ಕೆ ಬರುತ್ತಿತ್ತು. ಮದುವೆಯಾದಂದಿನಿಂದ ಅವಳು ಕೂದಲು ಕತ್ತರಿಸಿದ್ದೇ ಇಲ್ಲ. ಹಾಗಾದರೆ ಇಷ್ಟು ದಿನ ಅವನು ಯಾರ ಬದುಕಿನ ಖರ್ಚು ಹಾಕುತ್ತಿದ್ದ? ಟ್ರಾಮಿನಿಂದ ಇಳಿಯುತ್ತಿದ್ದವನು, ಹಾಲಿನ ಅಂಗಡಿಗೆ ತಿರುಗುತ್ತಿದ್ದವನು ಯಾರು?

'ಎಲ್ಗೆ ಅಂತ ತೀರ್ಮಾನ ಆಯ್ತು?' ಯಶೋದಮ್ಮ ಕೇಳಿದರು.

ಶಾಂತರಾಜು ಟೀ ಲೋಟ ಕೆಳಗಿಟ್ಟ. 'ಎಲ್ಲಾ ನೋಡಿದ್ರೆ ಲೈಪ್‌ಜಿಗ್ಗೇ...'

ಯಶೋದಮ್ಮ ಮಗಳ ಮುಖ ನೋಡಿದರು. 'ಗಾಲ್ವೇ ಅಂದಿದ್ದಲ್ಲಮ್ಮಿ ನೀನು?'

ಯಾರೋ ರವಿಕೆಯ ಅಳತೆ ಕೊಡಲು ಬಂದರು. ಹೋದರು. ಭಾನು ಹಾಲಿನ ಕೆನೆಯನ್ನು ಬೆರಳಲ್ಲಿ ಪಕ್ಕಕ್ಕೆ ಸರಿಸುತ್ತಿದ್ದಳು.

'ಉಂಡ್ಮೇಲೆ ಮಾತಾಡನ ಬುಡವ್ವ,' ಎಂದಳು.

'ನೀವೂ ಓಯ್ತೀರಾ, ಇಲ್ಲೇ ಇರ್ತೀರಾ?' ಯಶೋದಮ್ಮ ಅಳಿಯನನ್ನು ಕೇಳಿದರು.

'ಕಾಲೇಜಿದೆಯಲ್ಲ.'

'ಅದೂ ಸರಿ ಅನ್ನಿ.'

ಊಟವಾದ ಮೇಲೆ ಆ ಮಾತು ಯಾರೂ ಎತ್ತಲಿಲ್ಲ. ಭಾನು ಸೆರಗಿಗೆ ಕೈ ಒರೆಸಿಕೊಂಡು, 'ಊಟಿ ರಸ್ತೇಲಿ ಸೂರ್ಯಕಾಂತಿ ಬಿಟ್ಟವಂತೆ. ನೋಡ್ಕಂಡು ಬರನ,' ಎಂದಳು.

ಊರು ದಾಟಿದ ಮೇಲೆ ಗಾಳಿ ಜೋರಾಯಿತು. ಅವನು ಹಿಂದಕ್ಕೆ ತಿರುಗದೆ ಕೇಳಿದ.

'ಗಾಲ್ವೇನಾ?'

'ಏನು?'

'ಗಾಲ್ವೇನಾ ಅಂದೆ.'

'ಹೂಂ. ಯುಗಾದಿ ಆದ ವಾರವೇ ಒಪ್ಪಿಗೆ ಕಳಿಸ್ಬುಟ್ಟೆ.'

'ಅಲ್ಲಿ ಬಾಡಿಗೆ...'

'ಗೊತ್ತು. ನೀವೇ ಹೇಳಿದ್ರಲ್ಲ.'

'ಮತ್ತೆ?'

'ಸಮುದ್ರ ಐತೆ.'

ಅವಳು ಸಮುದ್ರವನ್ನು ನೋಡಿದ್ದಾಳೆಯೇ ಇಲ್ಲವೇ ಎಂದು ಅವನಿಗೆ ನೆನಪಾಗಲಿಲ್ಲ. ಕೇಳಲು ನಾಚಿಕೆಯಾಯಿತು. ಎದುರಿನಿಂದ ಬಂದ ಕೇರಳದ ಬಸ್ಸೊಂದು ಗಾಳಿಯನ್ನು ಇವರ ಮೇಲೆ ಎರಚಿ ಹೋಯಿತು.

'ಯುಗಾದಿಗೇ ಮುಗಿದಿದ್ರೆ ನನ್ನ ಕೈಲಿ ಯಾಕೆ ನೋಡಿಸ್ದೆ?'

ಗಾಳಿಯ ಸದ್ದಿನಲ್ಲಿ ಅವಳು ಕೇಳಿಸಿಕೊಂಡಿಲ್ಲವೇನೋ ಅಂದುಕೊಂಡ.

'ಅದನ್ನ ನೋಡ್ತಾ ನೀವು ಮಾತಾಡ್ತಿದ್ರಿ,' ಎಂದಳು ಭಾನು. ಕೋಪವಿರಲಿಲ್ಲ ದನಿಯಲ್ಲಿ. 'ಸಂಜೆ ಯಾವಾಗ ಆಯ್ತದೋ ಅಂತ ಕಾಯ್ತಿದ್ದೆ. ಇನ್ನೊಂದಷ್ಟು ದಿನ ನಡೀಲಿ ಅಂತ ಸುಮ್ನಾದೆ.'

ಬೈಕಿನ ಕನ್ನಡಿಯಲ್ಲಿ ಅವಳ ಸೆರಗಿನ ತುದಿ ಮಾತ್ರ ಹಾರುತ್ತಿತ್ತು. ನಾನೂ ಬರಲೇ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. ಬರುತ್ತ ಬರುತ್ತ ಅದು ಬೇರೆಯೇ ಆಯಿತು.

'ಅಲ್ಲಿಗೆ ಒಳ್ಳೇ ರೈನ್‌ಕೋಟ್ ಬೇಕಾಯ್ತದೆ.'

'ಹೂಂ.'

ಅವಳು 'ಆಮೇಲೆ?' ಎಂದು ಕೇಳಲಿಲ್ಲ.

ಹೊಲದ ಬಳಿ ಕೇರಳದ ಕಾರುಗಳು ಸಾಲಾಗಿ ನಿಂತಿದ್ದವು. ಹೂವಿನ ನಡುವೆ ಜನ ನಗುತ್ತಿದ್ದರು. ಹತ್ತಿರ ಹೋದಾಗ ಶಾಂತರಾಜುವಿಗೆ ಕಂಡಿತು: ಹೂಗಳೆಲ್ಲ ಮೂಡಲಿಗೆ ಮುಖ ಮಾಡಿದ್ದವು. ರಸ್ತೆಯ ಕಡೆಗೆ ಅವುಗಳ ಹಸಿರು ಬೆನ್ನು, ಬಾಗಿದ ಕತ್ತು. ಕಣ್ಣು ಹೋಗುವಷ್ಟು ದೂರ ಬೆನ್ನುಗಳೇ.

'ನಂದೊಂದು ಫೋಟೋ ತೆಗೀರಿ. ಅಲ್ಲಿಗೆ ಹೋದ್ಮೇಲೆ ನೋಡ್ಕಳಕ್ಕೆ,' ಎಂದು ಭಾನು ತನ್ನ ಮೊಬೈಲನ್ನು ಅವನ ಕೈಗಿಟ್ಟು ಸಾಲಿನೊಳಗೆ ನಡೆದಳು. ಗಿಡಗಳು ಅವಳ ಹೆಗಲಿನೆತ್ತರಕ್ಕೆ ಬಂದವು, ಆಮೇಲೆ ಕಿವಿಯವರೆಗೆ. ಹಳದಿ ಬೆಳಕಿನಲ್ಲಿ ಅವಳು ನಡೆಯುತ್ತಿರಲಿಲ್ಲ, ತೇಲುತ್ತಿದ್ದಳು. ಜಡೆ ಕಾಣುತ್ತಿತ್ತು. ಇನ್ನೂ ತಿರುಗಿರಲಿಲ್ಲ.

ಅವನು ಮೊಬೈಲನ್ನು ಕಣ್ಣಿನ ಎತ್ತರಕ್ಕೆ ಹಿಡಿದ. ಪರದೆಯ ಮೇಲೆ ಒಂದು ಸಣ್ಣ ಚೌಕ ಮೂಡಿ, ಮುಖ ಹುಡುಕಲು ಹೊರಟಿತು. ಒಂದು ಹೂವಿನ ಬೆನ್ನ ಮೇಲೆ ನಿಂತಿತು, ಅಲ್ಲವೆಂದು ಇನ್ನೊಂದಕ್ಕೆ ಹಾರಿತು. ಭಾನುವಿನ ಜಡೆಯ ಮೇಲೆ ಅರೆಗಳಿಗೆ ನಡುಗಿತು. ಅಲ್ಲಿಂದಲೂ ಸರಿಯಿತು.

ಹೊಲದ ಮೂಲೆಯಲ್ಲಿ ಗಿಳಿ ಓಡಿಸಲು ನಿಲ್ಲಿಸಿದ್ದ ಬೆದರುಗೊಂಬೆಯೊಂದಿತ್ತು. ಮಡಕೆಯ ತಲೆ, ಸುಣ್ಣದಲ್ಲಿ ಬರೆದ ಕಣ್ಣು, ಕತ್ತಿನವರೆಗೂ ಗುಂಡಿ ಹಾಕಿದ ಅಂಗಿ. ಹೊಲದಲ್ಲಿ ರಸ್ತೆಯ ಕಡೆ ಮುಖ ಮಾಡಿದ್ದುದು ಅದೊಂದೇ. ಚೌಕ ಅಲ್ಲಿಗೆ ಹೋಗಿ ನಿಂತಿತು. ಸುಣ್ಣದ ಕಣ್ಣು ಚೊಕ್ಕವಾಗಿ ಮೂಡಿತು. ಸುತ್ತಲಿನ ಹಳದಿ, ಹಸಿರು, ಅದರ ನಡುವೆ ಎಲ್ಲೋ ಇದ್ದ ಭಾನು ಎಲ್ಲ ನಿಧಾನವಾಗಿ ಮಸುಕಾಗತೊಡಗಿದವು.

'ಬಂತಾ?' ಒಳಗಿನಿಂದ ದನಿ ಕೇಳಿತು.

ಬೆರಳು ಗುಂಡಿಯ ಮೇಲಿತ್ತು. ಚೌಕ ಕದಲಲಿಲ್ಲ.