ಗೈಡ್ ಟ್ರ್ಯಾಕ್

"'ಗೇಟಿನ ಮುಂದೆ ನಿಲ್ಲಿಸಬೇಡಿ' ಮೈಸೂರಿನ ಮೂವರು ಸ್ನೇಹಿತರು ಕಾರ್ ಶೆಡ್ಡಿನಲ್ಲಿ ಕೂತು ಮಾಡಿದ ಮೊದಲ ಆಲ್ಬಮ್. ಗಿಟಾರು ಒರಟು, ಡ್ರಮ್ಮಿಗೆ ಅವಸರ. ಆದರೂ ಈ ವರ್ಷ ಕನ್ನಡದಲ್ಲಿ ಇಷ್ಟು ಜೀವವಿರುವ ರಾಕ್ ಸಂಗೀತ ಕೇಳಿರಲಿಲ್ಲ." ಇಷ್ಟು ಓದಿ ಲೋಕೇಶ ಪೇಪರು ಮಡಚಿದ.

"ಮುಂದಕ್ಕೆ ಓದೋ," ಎಂದ ಪ್ರಸನ್ನ.

"ಮುಂದೆ ಏನಿಲ್ಲ ಬುಡು."

"ಏನಿಲ್ದೆ ಇದ್ರೆ ಕಂಕುಳಲ್ಲಿ ಯಾಕೆ ಇಟ್ಕೋತೀಯ?"

ಪ್ರಸನ್ನ ಪೇಪರು ಕಿತ್ತುಕೊಂಡು ತಾನೇ ಓದಿದ. "ಆರನೆಯ ಹಾಡು 'ಆಮೇಲೆ ಹೇಳ್ತೀನಿ'ಯ ಹೆಣ್ಣುದನಿ ಯಾರದೋ, ಹೆಸರಿಲ್ಲ. ಉಳಿದ ಒಂಬತ್ತರಲ್ಲಿ ಗಾಯಕ ತನ್ನ ಗಂಟಲು ತೋರಿಸುತ್ತಾನೆ. ಈಕೆ ಏನೋ ಹೇಳುತ್ತಾಳೆ."

ಶೆಡ್ಡಿನ ಮೂಲೆಯಲ್ಲಿ ಹಳೆಯ ಟೈರಿನ ಮೇಲೆ ಕೂತಿದ್ದ ಬಿಂದು ತಲೆ ಎತ್ತಲಿಲ್ಲ. ಹತ್ತು ಹಾಡುಗಳನ್ನೂ ಬರೆದವಳು ಅವಳು. ಆರನೆಯದನ್ನು ಪ್ರಸನ್ನ ಕೇಳಿ ಕಲಿಯಲೆಂದು ಒಮ್ಮೆ ಗೈಡ್ ಟ್ರ್ಯಾಕ್ ಹಾಡಿಕೊಟ್ಟಿದ್ದಳು, ಅಷ್ಟೇ. ಆಲ್ಬಮ್ ಆನ್‌ಲೈನಿನಲ್ಲಿ ಹಾಕುವ ದಿನ ಲೋಕೇಶ ಪ್ರಸನ್ನನ ಫೈಲಿನ ಬದಲು ಅದನ್ನೇ ಹಾಕಿಬಿಟ್ಟಿದ್ದ. ಗೊತ್ತಾಗುವ ಹೊತ್ತಿಗೆ ಇಪ್ಪತ್ತು ಸಾವಿರ ಜನ ಕೇಳಿಯಾಗಿತ್ತು.

"ಬದಲಾಯಿಸ್ಬುಡು ಲೋಕಿ. ಪ್ರಸನ್ನಂದೇ ಹಾಕು," ಎಂದಳು.

"ಶನಿವಾರದ ಪ್ರೋಗ್ರಾಮ್‌ನೋರು ಫೋನ್ ಮಾಡಿದ್ರು," ಎಂದ ಲೋಕೇಶ. "ಅದನ್ನ ಆ ಹುಡ್ಗೀನೇ ಹಾಡ್ಬೇಕಂತೆ. ಇಲ್ದಿದ್ರೆ ಬೇರೆ ಬ್ಯಾಂಡ್ ಕರೀತಾರಂತೆ."

ಸಿಟಿ ಬಸ್ಸಿನಲ್ಲಿ ಸ್ಟಾಪು ತಪ್ಪಿದರೆ, ನಿಲ್ಲಿಸಿ ಎಂದು ಕೂಗಲಾರದೆ ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದು ಬರುವವಳು ಬಿಂದು.

"ಪ್ರಸನ್ನ ಹಾಡಿದ್ರೆ ಅವರೇ ಒಪ್ತಾರೆ," ಎಂದಳು.

ಪ್ರಸನ್ನ ಹೋಗಿ ಮೈಕಿನ ಮುಂದೆ ನಿಂತ. ಲೋಕೇಶ ಗಿಟಾರ್ ಹಿಡಿದ. ಪ್ರಸನ್ನ ಶ್ರುತಿ ತಪ್ಪಲಿಲ್ಲ, ಪದ ಮರೆಯಲಿಲ್ಲ. ಎರಡನೆಯ ಚರಣದ ನಡುವೆ ಅವನೇ ನಿಲ್ಲಿಸಿದ.

ಹೊರಗೆ ಸೊಪ್ಪು ಸೋಸುತ್ತಿದ್ದ ಅವನ ಅಜ್ಜಿ ಪುಟ್ಟಮಾದಮ್ಮ ಇಣುಕಿದರು. "ಯಾಕ್ಲಾ ನಿಲ್ಲಿಸ್ಬುಟ್ಟೆ? ಯಾವತ್ತೂ ಇಲ್ದೋನು ಇವತ್ತು ಚೆಂದಾಗಿ ಕೂಗ್ತಿದ್ದೆ."

"ಚೆಂದಾಗಿತ್ತಲ್ಲ ಅಜ್ಜಿ, ಅದೇ ತೊಂದ್ರೆ." ಬಿಂದುವಿನ ಕಡೆ ತಿರುಗಿದ. "ನಂಗೆ ಹೊಟ್ಟೆ ಉರೀತಿದೆ ಕಣೇ, ಸುಳ್ಳು ಹೇಳಲ್ಲ. ಆರು ವರ್ಷದಿಂದ ಹಾಡ್ತಿದೀನಿ. ಆದ್ರೆ ಪೇಪರ್‌ನಲ್ಲಿ ಆವಯ್ಯ ಬರ್ದಿರೋದು ಸರಿಯಾಗೇ ಇದೆ."

"ಜನರ ಮುಂದೆ ನನ್ ಕೈಲಾಗಲ್ಲ."

"ಜನ ಶನಿವಾರಕ್ಕೆ. ಇವತ್ತು ಗೋಡೆ ನೋಡ್ಕೊಂಡು ಹಾಡು."

ಅವಳು ಗೋಡೆಗೆ ಮುಖಮಾಡಿ ನಿಂತಳು. ಸುಣ್ಣದ ಮೇಲೆ ಹಳೆಯ ಆಯಿಲ್ ಕಲೆಗಳಿದ್ದವು. ಮೊದಲ ಸಾಲಿನಲ್ಲಿ ದನಿ ನಡುಗಿತು. ಲೋಕೇಶನ ಗಿಟಾರು ಅವಳಿಗಾಗಿ ಒಂದು ಕ್ಷಣ ಕಾದು ಮುಂದೆ ಹೋಯಿತು. ಮೈಕಿಲ್ಲದ ಅವಳ ದನಿ ಗಿಟಾರಿನಡಿ ಆಗಾಗ ಮುಳುಗಿದರೂ ಅವಳು ನಿಲ್ಲಿಸಲಿಲ್ಲ.

ಕೊನೆಯ ಸಾಲು ಮುಗಿಸಿ ತಿರುಗಿ ನೋಡಿದಳು. ಪ್ರಸನ್ನ ಮೊಣಕಾಲೂರಿ ಕೂತು ಮೈಕ್ ಸ್ಟ್ಯಾಂಡಿನ ತಿರುಪು ಸಡಿಲಿಸುತ್ತಿದ್ದ. ಅವನ ಎತ್ತರಕ್ಕೇ ಕಚ್ಚಿ ಕೂತಿದ್ದ ಕಂಬಿ ಕಿರ್ ಎನ್ನುತ್ತ ಇಳಿದು ಅವಳ ಹಣೆಯ ಮಟ್ಟಕ್ಕೆ ಬಂತು.

"ಸಾಕಾ?" ಎಂದ, ತಲೆಯೆತ್ತದೆ.

ಬಿಂದು ಹತ್ತಿರ ಬಂದು ನಿಂತಳು.

"ಇನ್ನೂ ಸ್ವಲ್ಪ ಕೆಳಗೆ," ಎಂದಳು.