ಮುನ್ನೂರು ಸೆಕೆಂಡು

ಸರ್ವರಿನ ಫ್ಯಾನು ಗುಂಯ್ ಅನ್ನುತ್ತಲೇ ಇದೆ, ಏನೂ ಆಗದವರ ಹಾಗೆ, ಬೆಳಗ್ಗೆ ಹತ್ತರಿಂದ ನರಸೀಪುರದ ಒಬ್ಬ ಗೊಬ್ಬರದಂಗಡಿಯವನ ಆರ್ಡರೂ ನಂಜನಗೂಡಿನ ಈ ಆಫೀಸಿಗೆ ಬಂದಿಲ್ಲ, ಶಿವರಂಜನಿ ಪರದೆ ನೋಡುತ್ತಾಳೆ, ಎರಡು ಸರ್ವರುಗಳ ಮುಂದೆ ತಾನೇ ಕೂರಿಸಿದ ಪ್ರಾಕ್ಸಿ, ಬಂದವರನ್ನು ಒಮ್ಮೆ ಇದಕ್ಕೆ ಒಮ್ಮೆ ಅದಕ್ಕೆ ಹಂಚುವಂಥದ್ದು, ಅದರ ಕನೆಕ್ಷನ್ನುಗಳೆಲ್ಲ ಭರ್ತಿ, ಆದರೆ ಯಾರೂ ಏನೂ ಕೇಳುತ್ತಿಲ್ಲ — ಫೋನ್ ಎತ್ತಿಕೊಂಡು ಮಾತಾಡದೆ ಕೂತವರ ಹಾಗೆ. ಒಂದೊಂದು ಮಾತಿಗೂ ಫೋನ್ ಇಟ್ಟು ಮತ್ತೆ ಡಯಲ್ ಮಾಡುವುದೇಕೆ, ಲೈನು ತೆರೆದೇ ಇರಲಿ ಎಂದವಳು ಅವಳೇ, ನರಸೀಪುರದ ಲೈನು ಮೊದಲೇ ಆಮೆ, ಆದರೆ ಹದಿನೈದು ಸೆಕೆಂಡು ಸುಮ್ಮನಿದ್ದರೆ ಕತ್ತರಿಸು ಎಂದೂ ಬರೆದಿದ್ದಳಲ್ಲ, ಹದಿನೈದು, ಮೂರು ದಿನ ಅಳೆದು ತೂಗಿ, ಆಗ ಪಕ್ಕದಲ್ಲಿ ಅಮೃತೇಶ್ ಅವಳ ಡಬ್ಬಿಯ ಚಿತ್ರಾನ್ನ ತಿನ್ನುತ್ತ, ನೀನೇ ಗುರು ಕಣಮ್ಮಿ ನಂಗೆ, ಮುನ್ನೂರು ಮಡುಗುದ್ರೆ ಏನಾಯ್ತದೆ ಎಂದಿದ್ದ, ಬಿತ್ತನೆ ಶುರುವಾದ ದಿನ ಎಲ್ಲರೂ ಒಟ್ಟಿಗೆ ನುಗ್ಗಿ ಲೈನು ಕಟ್ಟಿಕೊಳ್ಳುತ್ತೆ ಎಂದು ಪಾಠ ಹೇಳಿದವಳೂ ಅವಳೇ. ಮೂರು ವರ್ಷ ಒಂದೇ ಮೇಜು, ಇಬ್ಬರದೂ ಕಂಟ್ರಾಕ್ಟು, ಕಾಯಂ ಹುದ್ದೆ ಒಂದೇ, ಇವತ್ತು ಮಧ್ಯಾಹ್ನ ಹೆಸರು ಹೇಳುತ್ತಾರೆ, ಇವತ್ತೇ ಬಿತ್ತನೆಯ ಮೊದಲ ದಿನ, ಮತ್ತು ಈಗ ಹದಿನೈದು ಇದ್ದ ಜಾಗದಲ್ಲಿ ಮುನ್ನೂರು. ಪಕ್ಕದಲ್ಲಿ ಅವಳ ಹೆಸರು, ತಾರೀಖು. ಯಾರು ಏನು ಬದಲಾಯಿಸಿದರೂ ಮುಂದೆ ಹೆಸರು ಬರೆಯಬೇಕು, ಆಫೀಸಿನ ಪದ್ಧತಿ.

ಜೂನ್ ಹನ್ನೆರಡು, ಎರಡು ಸಾವಿರದ ಎಂಟು — ಅವತ್ತು ಅವಳು ಎಲ್ಲಿದ್ದಳು, ಹೆಮ್ಮರಗಾಲದಲ್ಲಿ, ತೀರಿಹೋದ ಅಜ್ಜಿ ಮಲ್ಲಾಜಮ್ಮನ ಶಿವಗಣಾರಾಧನೆ, ಸೆರಗು ಸಿಕ್ಕಿಸಿಕೊಂಡು ಪಂಕ್ತಿಗೆ ಪಾಯಸ ಬಡಿಸುತ್ತಿದ್ದಾಳೆ, ಅತ್ತು ಅತ್ತು ಕಣ್ಣು ಊದಿದೆ, ಅವ್ವ ಮೊಬೈಲು ತಂದು ಕಿವಿಗೆ ಹಿಡಿಯುತ್ತಾಳೆ, ಅಮೃತೇಶ್, ನರಸೀಪುರದೋರು ನಿಧಾನ ಅಂತ ಪ್ರಾಣ ತಿಂತಾವ್ರೆ, ನಿನ್ ಪಾಸ್‌ವರ್ಡ್ ಏಳಮ್ಮಿ, ಒಂದ್ಸಲ ನೋಡಿ ಮುಚ್ಬುಡ್ತೀನಿ, ಹೇಳಿದಳು, ಒಂದೊಂದೇ ಅಕ್ಷರ, ಸೌಟು ಕೈಯಲ್ಲೇ, ಪಂಕ್ತಿಯ ತುದಿಯಿಂದ ಮಹದೇವಯ್ಯ ಮಾವ, ಈ ಕಡೀಕೂ ಬರ್ಲಿ ಕಣವ್ವ ಪಾಯ್ಸ — ಸಾವಿನ ಮನೆಯ ದುಃಖದಲ್ಲಿ ಅವಳಿಗೆ ಎಷ್ಟು ಹಗುರವಾಗಿತ್ತು, ತನ್ನ ಕೆಲಸ ನೋಡಿಕೊಳ್ಳಲು ಒಬ್ಬನಿದ್ದಾನೆ ಅಂತ, ಎಂಥ ಪೆದ್ದಿ. ಈಗ ಬೆನ್ನ ಹಿಂದೆ ಮ್ಯಾನೇಜರ್ ಸೋಮಶೇಖರ್, ಇದು ನೀನೇ ಬರೆದಿದ್ದೇನಮ್ಮ, ಅವರ ಪಕ್ಕ ಅಮೃತೇಶ್, ಕೈ ಕಟ್ಟಿಕೊಂಡು, ಅವತ್ತು ರಜೆಯಲ್ಲಿದ್ದೆ ಸಾರ್ ಅನ್ನಬಹುದು ಅವಳು, ಮತ್ತೆ ನಿನ್ನ ಪಾಸ್‌ವರ್ಡಲ್ಲಿ ಒಳಗೆ ಹೋದದ್ದು ಯಾರು ಅನ್ನುತ್ತಾರೆ, ಪಾಸ್‌ವರ್ಡ್ ಇನ್ನೊಬ್ಬರಿಗೆ ಕೊಟ್ಟವರು ಅದೇ ದಿನ ಮನೆಗೆ, ನೋಟೀಸು ಗೋಡೆಯ ಮೇಲೇ ಇದೆ, ಸುಮ್ಮನಿದ್ದರೂ ಹೋಯಿತು ಬಾಯಿ ಬಿಟ್ಟರೂ ಹೋಯಿತು, ಇದೂ ಅವನಿಗೆ ಗೊತ್ತಿತ್ತು, ಪೂರಾ ಗೊತ್ತಿತ್ತು. ಒಂದು ಸಲ ಮುಖ ನೋಡಲಿ ಅವನು, ಇಲ್ಲ, ಪರದೆ ನೋಡುತ್ತ ಹೇಳುತ್ತಾನೆ, ಯಾಕ್ ಹಿಂಗ್ ಮಾಡುದ್ರಿ ಶಿವರಂಜನಿ ಅವ್ರೇ, ಅಮ್ಮಿ ಹೋಗಿ ಅವ್ರೇ ಬಂತು, ಅಜ್ಜಿಯ ಆರಾಧನೆಯ ದಿನ, ಏನಮ್ಮಾ ಮಾತಾಡು ಅನ್ನುತ್ತಾರೆ ಸೋಮಶೇಖರ್, ಮುನ್ನೂರು, ಅವಳ ಹೆಸರು, ತಪ್ಪಿಲ್ಲದೆ ಬರೆದಿದ್ದಾನೆ, ಅವಳ ಹೆಸರು, ಮುನ್ನೂರರ ಪಕ್ಕ, ಅವಳ ಹೆಸರು —