ಉಪ್ಪಿಲ್ಲದ ಬೆಳ್ಳುಳ್ಳಿ

ದೇವಕಮ್ಮ ಕೋಳಿ ಶೆಡ್ಡಿನ ನೆಲದಿಂದ ಒಂದು ಹಿಡಿ ಭತ್ತದ ಹೊಟ್ಟು ಎತ್ತಿ ಹಿಂಡಿದಳು. ಕೈ ಬಿಚ್ಚಿದರೂ ಒದ್ದೆ ಉಂಡೆ ಒಡೆಯಲಿಲ್ಲ. ಕಾಲುವೆ ಕೆಳಗಿನ ಗಿರಣಿಯಿಂದ ವಾರದ ಹಿಂದಷ್ಟೇ ತಂದು ಹರಡಿದ್ದು.

"ನಾ ಹೇಳಿದ್ದಿಲ್ಲೇನ್ರಿ ದೇವಕ್ಕ?" ಶಹಾಪುರದ ಔಷಧಿ ಅಂಗಡಿಯ ನಾಗಣ್ಣ ಬಾಗಿಲಲ್ಲೇ ನಿಂತಿದ್ದ. "ನೀರುನೀರು ಹೇಲಾಕತ್ಯಾವ. ಇವತ್ತೇ ಈ ಆ್ಯಂಟಿಬಯಾಟಿಕ್ ನೀರಾಗ ಹಾಕ್ರಿ. ಬಳ್ಳೊಳ್ಳಿ, ಅರಿಶಿಣ, ಅಜವಾನ! ಕೋಳಿ ಸಾಕಾಕತ್ತೀರೋ, ಸಾರು ಕುದಸಾಕತ್ತೀರೋ?"

"ಹೋದ ಸಲ ಇದನ್ನ ಮೂರು ಸಲ ಹಾಕಿದ್ನಲ್ಲೋ ನಾಗಣ್ಣ. ಸಾಯೋವು ಸತ್ತೇ ಸತ್ವು."

ಆ ಸಲ ಸತ್ತವು ನೂರರ ಮೇಲೆ. ಡೋಸು ಏರಿಸಿದಷ್ಟೂ ಔಷಧಿ ನಾಟದಂತಾಗಿತ್ತು. ಅದಕ್ಕೇ ಈ ಐನೂರು ಮರಿಗಳಿಗೆ ಮೇವಿನಲ್ಲೇ ಬೆಳ್ಳುಳ್ಳಿ ಕಲಸಿ ಹಾಕುತ್ತಿದ್ದಳು. ಇವೂ ಕೆಟ್ಟರೆ ಶೆಡ್ಡಿಗೆ ಹತ್ತಿ ತುಂಬುತ್ತೇನೆಂದು ಗಂಡ ಹೇಳಿಬಿಟ್ಟಿದ್ದ.

"ಎರಡು ದಿನ ನೋಡ್ತೀನಿ."

"ಎರಡು ದಿನದಾಗ ಎಲ್ಲಾ ಮಲಗ್ತಾವ್ರಿ," ಎನ್ನುತ್ತ ನಾಗಣ್ಣ ಪೊಟ್ಟಣವನ್ನು ಗೋಡೆಯ ಮೇಲಿಟ್ಟು ಹೋದ.

ದೇವಕಮ್ಮ ಕೋಳಿಗಳ ನಡುವೆ ಕುಕ್ಕರಗಾಲಿನಲ್ಲಿ ಕುಳಿತಳು. ಜೋತುಬಿದ್ದ ರೆಕ್ಕೆ ಒಂದೂ ಕಾಣಲಿಲ್ಲ. ನಾಲ್ಕು ಕಾಳು ತಿನ್ನುವುದು, ನೀರಿನ ಡಬ್ಬಿಗೆ ಓಡುವುದು, ಕುಡಿದದ್ದೇ ಕುಡಿದದ್ದು. ಜಡ್ಡಿನ ಕೋಳಿಗೆ ಇಷ್ಟು ಗಡಿಬಿಡಿ ಎಲ್ಲಿಯದು? ಅವಳು ಒಂದು ಚಿಟಿಕೆ ಮೇವನ್ನು ನಾಲಗೆಗೆ ಹಚ್ಚಿಕೊಂಡಳು. ಉಪ್ಪು!

ಅಂಗಳದಲ್ಲಿ ಅತ್ತೆ ಅಮೃತಮ್ಮ ಬೆಳ್ಳುಳ್ಳಿ ಜಜ್ಜುತ್ತಿದ್ದಳು.

"ಅತ್ತಿ, ಉಪ್ಪು ಹಾಕಾಕತ್ತೀರೇನು?"

"ಮತ್ತ? ಉಪ್ಪಿಲ್ಲದ ಬಳ್ಳೊಳ್ಳಿ ಯಾರರ ಜಜ್ತಾರೇನು? ಕಲ್ಲಿನ ಮ್ಯಾಲಿಂದ ಜಾರಿ ಹೋಗ್ತದ."

"ಎಷ್ಟು?"

"ಮನಿಗಾದ್ರ ಚಿಟಿಕಿ. ಇದು ಐನೂರು ಬಾಯಿಗಲ್ಲೇನು? ಹತ್ತು ಹಿಡಿ."

ದೇವಕಮ್ಮ ನಗಬೇಕೋ ಅಳಬೇಕೋ ತಿಳಿಯದೆ ಉಪ್ಪಿನ ಗಡಿಗೆಯನ್ನೇ ಎತ್ತಿ ಒಳಗೊಯ್ದಳು. ಅಂದೇ ತಟ್ಟೆಗಳ ಮೇವೆಲ್ಲ ಚೀಲ ಸೇರಿತು. ಒದ್ದೆ ಹೊಟ್ಟು ಕೆರೆದು, ಗಿರಣಿಗೆ ಹೋಗಿ ಹೊಸದು ತಂದು ಹರಡಿದಳು. ಸೊಂಟ ಹಿಡಿದುಕೊಂಡಿತು. ಪೊಟ್ಟಣವನ್ನು ಮಾತ್ರ ಮುಟ್ಟಲಿಲ್ಲ.

ಎರಡು ದಿನ ಬಿಟ್ಟು ಬಂದ ನಾಗಣ್ಣ ಯಾರನ್ನೂ ಕೇಳದೆ ತಾನೇ ಬಗ್ಗಿ ಹೊಟ್ಟು ಹಿಂಡಿದ. ಬೆರಳ ಸಂದಿಯಿಂದ ಅದು ಉದುರಿತು.

"ಒಯ್ಯಪಾ, ಒಡದಿಲ್ಲ," ದೇವಕಮ್ಮ ಪೊಟ್ಟಣ ಚಾಚಿದಳು.

"ಮಾರಾಕ ಇನ್ನ ಮೂರು ವಾರ ಅದಾವ್ರಿ ದೇವಕ್ಕ."

"ಗೊತ್ತದ."

ಹೊರಗೆ ಅಮೃತಮ್ಮ ಜಜ್ಜಲು ಕುಳಿತಿದ್ದಳು. ಅವಳ ಬಲಗೈ ತಾನಾಗಿಯೇ ಮಗ್ಗುಲಿಗೆ ಹೋಗಿ, ಗಡಿಗೆಯಿಲ್ಲದ ನೆಲವನ್ನೊಮ್ಮೆ ಸವರಿ, ಬರಿದೇ ಕಲ್ಲಿಗೆ ಮರಳಿತು.